ಪಟ್ಟಿಗೆ ಸೇರಿದ ಬೀದಿ

ಮಂಟಪದ ಬೀದಿಯಲ್ಲಿ ಹಾಲು ಹೆಪ್ಪಾಗುವುದು ನಿಂತು ಆರು ವರ್ಷವಾಗಿತ್ತು. ಆದ್ದರಿಂದ ಆ ಬೀದಿಯ ಹೆಂಗಸರು ದಿನಾ ಸಂಜೆ ಹಾಲಿನ ಪಾತ್ರೆ, ದೋಸೆ ಹಿಟ್ಟಿನ ತಪ್ಪಲೆ ಹಿಡಿದುಕೊಂಡು ನಮ್ಮ ಬಾವಿ ಬೀದಿಗೆ ಬರುತ್ತಿದ್ದರು. ನನ್ನ ಜಗಲಿಯ ಮೇಲೆ ಸಾಲಾಗಿ ಇಟ್ಟು, ಮುಚ್ಚಳದ ಮೇಲೆ ಹೆಸರಿನ ಚೀಟಿ ಅಂಟಿಸಿ, ಬೆಳಿಗ್ಗೆ ಬಂದು ಒಯ್ಯುತ್ತಿದ್ದರು. ಕೃತಜ್ಞತೆಯ ಸುಳಿವೂ ಇರುತ್ತಿರಲಿಲ್ಲ. "ನಮ್ದು ಸ್ಟೇಬಲ್ ಬೀದಿ ನೋಡಿ ಕಾಮಾಕ್ಷಮ್ನೋರೆ, ಹುಳಿ ಬರೋದು, ಉಬ್ಬೋದು ಇಂಥವೆಲ್ಲ ನಮ್ಮಲ್ಲಿಲ್ಲ," ಎಂದು ಪೋಸ್ಟ್ ಮಾಸ್ಟರ ಹೆಂಡತಿ ಒಮ್ಮೆ ನನಗೆ ವಿವರಿಸಿದ್ದಳು. ಅಡಿಗೆಯವನು ರಜೆ ಹಾಕಿದ್ದಾನೆ, ಅದಕ್ಕೇ ನಿಮ್ಮ ಮನೆಯಲ್ಲಿ ಉಣ್ಣುತ್ತಿದ್ದೇನೆ ಎನ್ನುವ ದೊಡ್ಡಮನುಷ್ಯರ ದನಿ ಅದು.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಭೂಪಟ ತೆಗೆದು ಹುಡುಕುತ್ತೀರಿ, ವ್ಯರ್ಥ ಶ್ರಮ. ಹನ್ನೊಂದು ಬೀದಿಗಳ ಊರು. ಇಲ್ಲಿ ಬಾಗಿಲು, ದೀಪ, ನಲ್ಲಿ, ತೊಟ್ಟಿಲು ಎಲ್ಲವೂ ಆಪರೇಟಿಂಗ್ ಸಿಸ್ಟಂ ಹೇಳಿದಂತೆ ಕೇಳುತ್ತವೆ, ಮತ್ತು ಪ್ರತಿ ಬೀದಿಗೂ ಅದರದೇ ಸಿಸ್ಟಂ ಇದೆ. ಯಾರೂ ಕೊಂಡದ್ದಲ್ಲ, ಬೀದಿಯವರೇ ಕೂತು ಬರೆದದ್ದು. ಅದರ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಪ್ಪಿಗೆಯಾಗದವನು ನಕಲು ತೆಗೆದುಕೊಂಡು ಬೇರೆ ಕಡೆ ಹೋಗಬಹುದು, ಅವನನ್ನು ಯಾರೂ ತಡೆಯಕೂಡದು ಎಂದು ಪ್ರತಿ ಬೀದಿಯ ಬಾಯಲ್ಲೂ ಕಲ್ಲಿನ ಮೇಲೆ ಕೊರೆದಿದೆ. ಮೊದಲು ಊರಿಗೆಲ್ಲ ಒಂದೇ ಸಿಸ್ಟಂ ಇತ್ತಂತೆ. ಯಜಮಾನ ಮನೆಗೆ ಬಂದಾಗ ಮೊದಲು ದೀಪ ಹತ್ತಬೇಕೋ, ಬಾಗಿಲು ತೆರೆಯಬೇಕೋ ಎಂದು ಜಗಳವಾಗಿ ದೀಪದವರು ನಕಲು ತೆಗೆದುಕೊಂಡು ಪಕ್ಕದ ಬೀದಿಗೆ ಹೋದರು. ಅಲ್ಲಿ ನಲ್ಲಿಯ ವಿಷಯಕ್ಕೆ ಇನ್ನೊಂದು ಜಗಳ. ಹೀಗೆ ಹನ್ನೊಂದಾಯಿತು. ಹನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ. ಆದರೆ ಒಂದು ಬೀದಿಯವನ ಮುಂದೆ ಇನ್ನೊಂದು ಬೀದಿಯ ಸಿಸ್ಟಮ್ಮನ್ನು ಹೊಗಳಿ ನೋಡಿ, ಕಾಫಿ ಕೊಡದೆ ಕಳಿಸುತ್ತಾನೆ.

ಇಂಥ ಊರಿಗೆ ಕಂಪನಿ ಬಂತು. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಅಂಚೆ ಕಚೇರಿಯ ತಕ್ಕಡಿ, ರೇಷನ್ ಅಂಗಡಿಯ ಹೆಬ್ಬೆಟ್ಟಿನ ಡಬ್ಬಿ ಇವುಗಳಿಗೆ ಬೇಕಾದ ತಂತ್ರಾಂಶ ಮಾರುವುದು ಅದರ ಕೆಲಸ. ತಂತ್ರಾಂಶ ಯಾವ ಬೀದಿಯ ಸಿಸ್ಟಮ್ಮಿನ ಮೇಲಾದರೂ ಓಡುತ್ತಿತ್ತು. ಆದರೆ ಕೆಟ್ಟುನಿಂತಾಗ ಫೋನ್ ಮಾಡಿದರೆ ಮೊದಲ ಪ್ರಶ್ನೆ ನಿಮ್ಮದು ಯಾವ ಬೀದಿ ಎಂದು. ಕಂಪನಿ ಒಪ್ಪಿಕೊಂಡ ಬೀದಿಗಳದೊಂದು ಪಟ್ಟಿಯಿತ್ತು, ಅದರಲ್ಲಿಲ್ಲದ ಬೀದಿಯಾದರೆ ಆ ಕಡೆಯವರು ಬಹಳ ವಿನಯದಿಂದ ಫೋನ್ ಇಡುತ್ತಿದ್ದರು. ಪಟ್ಟಿಯಲ್ಲಿ ಇದ್ದದ್ದು ಮಂಟಪದ ಬೀದಿ ಒಂದೇ. ಅವರ ಸಿಸ್ಟಂ ಹನ್ನೊಂದರಲ್ಲೂ ಕಡೆಯದು. ನಲ್ಲಿ ತಿರುಗಿಸಿದರೆ ದೀಪ ಹತ್ತುತ್ತಿತ್ತು. ಆದರೆ ಅವರಲ್ಲಿ ಒಂದು ಆಫೀಸಿತ್ತು, ಆಫೀಸಿನಲ್ಲಿ ಒಂದು ಮೇಜು, ಮೇಜಿನ ಮೇಲೆ ಫೋನು, ಫೋನಿನ ಹಿಂದೆ ಕೋಟು ಹಾಕಿದವನೊಬ್ಬ. ಕಂಪನಿಗೆ ಕೋಟು ಮೆಚ್ಚುಗೆಯಾಯಿತು.

ಪಟ್ಟಿಗೆ ಸೇರುವ ಷರತ್ತು ಒಂದೇ: ಹತ್ತು ವರ್ಷ ಬೀದಿಯಲ್ಲಿ ಏನೂ ಬದಲಾಗಕೂಡದು. ಬೇರೆ ಊರುಗಳಲ್ಲಿ ಇಂಥದ್ದು ಕಾಗದದ ಮಾತಾಗಿರುತ್ತದೆಂದು ಕೇಳಿದ್ದೇನೆ. ನಮ್ಮ ಊರಿನಲ್ಲಿ ಸಹಿ ಬಿದ್ದರೆ ಬದಲಾಗುವುದಿಲ್ಲ, ಅಷ್ಟೇ. ಬೆಂಕಿಯ ಕೆಲಸ ಆಗುತ್ತದೆ, ಕಾಲದ ಕೆಲಸ ಆಗುವುದಿಲ್ಲ. ಅಕ್ಕಿ ಬೇಯುತ್ತದೆ, ಹಿಟ್ಟು ಹುದುಗುವುದಿಲ್ಲ. ಉಗುರು ಬೆಳೆಯುವುದಿಲ್ಲ, ಉಪ್ಪಿನಕಾಯಿ ಮಾಗುವುದಿಲ್ಲ. ಸಹಿಯ ದಿನ ಬೆನ್ನಿನ ಮೇಲೆ ಕುರು ಎದ್ದಿದ್ದ ಸರಾಫರ ಮನೆಯ ಮುದುಕ ಆರು ವರ್ಷದಿಂದ ಅಂಗಿ ಹಾಕಿಕೊಂಡಿರಲಿಲ್ಲ. ಕ್ಷೌರಿಕ ಅಂಗಡಿ ಮುಚ್ಚಿ ನಮ್ಮ ಬೀದಿಗೆ ಬಂದ. ಜನ ಹೊಂದಿಕೊಂಡರು. ಬೀದಿ ದಾಟಿ ಹೊರಗೆ ಬಂದರೆ ಕಾಲ ಎಂದಿನಂತೆ ನಡೆಯುತ್ತಿತ್ತಲ್ಲ, ಮಕ್ಕಳನ್ನು ಬೆಳೆಯಲಿಕ್ಕೆಂದು ದಿನಕ್ಕೆ ನಾಲ್ಕು ಗಂಟೆ ನಮ್ಮಲ್ಲಿಗೆ ಬಿಡುತ್ತಿದ್ದರು. ಪೋಸ್ಟ್ ಮಾಸ್ಟರ ಮಗಳು ಆರು ವರ್ಷದಲ್ಲಿ ಒಂದು ವರ್ಷ ಬೆಳೆದಿದ್ದಳು. ಬಸುರಿಯರು ತಿಂಗಳುಗಟ್ಟಲೆ ಬೇರೆ ಬೀದಿಯ ನೆಂಟರ ಮನೆಯಲ್ಲಿದ್ದು ಹೆತ್ತು ಬರುತ್ತಿದ್ದರು. ಬೀದಿ ಬಿಟ್ಟು ಹೊರಗೆ ಕಾಲಿಡಬಾರದವನು ಒಬ್ಬನೇ, ಕಂಪನಿಯ ಕಾಗದದಲ್ಲಿ ಜವಾಬುದಾರ ಎಂದು ಹೆಸರು ಬರೆಸಿದವನು. ಕಂಪನಿ ಯಾವಾಗ ಫೋನ್ ಮಾಡಿದರೂ ಅವನು ಸಿಕ್ಕಬೇಕು. ಕೋಟಿನವನು ಆರು ವರ್ಷದಿಂದ ಅದೇ ಕೋಟಿನಲ್ಲಿದ್ದ.

ಇದನ್ನೆಲ್ಲ ಕಣ್ಣಾರೆ ಕಂಡೂ ನಮ್ಮ ಬೀದಿಯವರಿಗೆ ಪಟ್ಟಿಯ ಮೇಲೆ ಆಸೆ ಹುಟ್ಟಿತು ಎಂದರೆ ನೀವು ನಂಬಬೇಕು. ಕಾರಣ, ಮಂಟಪದ ಬೀದಿಯ ಬಾಯಲ್ಲಿ ಕಂಪನಿ ಹಾಕಿಸಿದ ಹಿತ್ತಾಳೆಯ ಫಲಕ. ನಮ್ಮ ಬೀದಿ ಸಂಘದ ಅಧ್ಯಕ್ಷರು ನಂಜುಂಡಾರಾಧ್ಯರು. ಕೊರಳಿಗೆ ಶಾಲು ಸುತ್ತಿಕೊಂಡು ದಿನಕ್ಕೆರಡು ಸಲ ಆ ಫಲಕದ ಮುಂದೆ ವಾಕಿಂಗ್ ಹೋಗಿ ಬರುತ್ತಿದ್ದರು. "ಈಗ ದೊಡ್ಡ ಮನೆಯೋರು ಹೆಣ್ಣು ಕೊಡೋವಾಗ ಮೊದಲು ಕೇಳೋದೇ ನಿಮ್ಮ ಬೀದಿ ಲಿಸ್ಟೆಡ್ಡಾ ಅಂತ. ನಮ್ಮ ಸಿಸ್ಟಮ್ಮು ಚಿನ್ನದಂಥದ್ದು, ಯಾವನಿಗ್ ಗೊತ್ತು?" ಎನ್ನುತ್ತಿದ್ದರು. ಚಿನ್ನದಂಥದ್ದು ಎಂಬುದು ನಿಜವೇ. ಅದನ್ನು ಹಾಗೆ ಮಾಡಿದವಳು ಆರಾಧ್ಯರಲ್ಲ, ಚಂಪಕ.

ಚಂಪಕ ನಮ್ಮ ಎದುರು ಮನೆಯ ಸೊಸೆ. ತಾಯಿತಂದೆ ಇಲ್ಲದ ಹುಡುಗಿ. ಗಂಡ ಮರಿಸ್ವಾಮಿ ಬೀದಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಯಂತ್ರ ನಡೆಸುವವನು. ಎಲ್ಲರೂ ತಿದ್ದಬಹುದಾದ ಸಿಸ್ಟಮ್ಮನ್ನು ನಿಜವಾಗಿ ತಿದ್ದುತ್ತಿದ್ದವಳು ಅವಳೊಬ್ಬಳೇ, ಉಳಿದವರು ಸಲಹೆ ಕೊಡುತ್ತಿದ್ದರು. ಬಾವಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಕೀಬೋರ್ಡ್ ಇಟ್ಟುಕೊಂಡು ಕೂತಿರುತ್ತಿದ್ದಳು. ನಾನು ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು. ಅವಳು ಮಾಡಿದ ಬದಲಾವಣೆಗಳನ್ನು ಒಂದು ಪುಸ್ತಕದಲ್ಲಿ ಜನಕ್ಕೆ ತಿಳಿಯುವ ಹಾಗೆ ಬರೆದಿಡುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ. ಬೀದಿಯಲ್ಲಿ ಅದನ್ನು ಓದುತ್ತಿದ್ದವರು ನಾವಿಬ್ಬರೇ. ಆ ವರ್ಷ ಅವಳಿಗೆ ಏಳು ತಿಂಗಳು. ಮೂರು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋಗಿ ನಾಲ್ಕನೆಯದು ನಿಂತಿತ್ತು. ಹೊಟ್ಟೆ ಮುಂದೆ ಬಂದಂತೆ ಕೀಬೋರ್ಡ್ ಮೊಣಕಾಲಿನ ಕಡೆಗೆ ಜಾರುತ್ತಿತ್ತು. "ಇನ್ನೆರಡು ತಿಂಗಳು ದೊಡ್ಡಮ್ಮ, ಆಮೇಲೆ ಇದಕ್ಕೆ ಜಾಗ ಸಿಕ್ಕತ್ತೆ," ಎನ್ನುತ್ತಿದ್ದಳು. ಅವಳು ಬೇರೆ ಏನನ್ನೂ ಲೆಕ್ಕ ಹಾಕುತ್ತಿರಲಿಲ್ಲ; ಆ ಎರಡು ತಿಂಗಳನ್ನು ಮಾತ್ರ.

ಆಗಲೇ ಕಂಪನಿಯ ಸಾಲ್ಡಾನ ಸ್ಕೂಟರಿನಲ್ಲಿ ಬಂದದ್ದು. ಪಟ್ಟಿಗೆ ಇನ್ನೊಂದು ಬೀದಿಯನ್ನು ಸೇರಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರಂತೆ. ಒಂದೋ ನಾವು, ಇಲ್ಲವೇ ಗಾಣದ ಬೀದಿ. ಕರಾವಳಿಯ ಕಡೆಯ ಮನುಷ್ಯ, ಬೆವರು ಒರೆಸಿಕೊಳ್ಳುತ್ತ ಆರಾಧ್ಯರ ಜಗಲಿಯ ಮೇಲೆ ಕೂತರು. ಆರಾಧ್ಯರು ನನ್ನನ್ನೂ ಕರೆಸಿದ್ದರು, ಬದಲಾವಣೆಯ ಪುಸ್ತಕ ತೋರಿಸಲಿಕ್ಕೆ. ಸಾಲ್ಡಾನ ಅದನ್ನು ತೂಕ ನೋಡುವವರಂತೆ ಕೈಯಲ್ಲಿ ಹಿಡಿದು ಕೆಳಗಿಟ್ಟರು.

"ನಿಮ್ಮ ಸಿಸ್ಟಮ್ ಒಳ್ಳೆದುಂಟು. ನಮ್ಮ ಇಂಜಿನಿಯರುಗಳು ನೋಡಿದ್ದಾರೆ. ಹನ್ನೊಂದರಲ್ಲಿ ಇದೇ ಒಳ್ಳೆದು ಅಂತ ಹೇಳಿದ್ರು. ಆದ್ರೆ ವಿಷಯ ಅದಲ್ಲ."

"ಮತ್ತಿನ್ನೇನು ವಿಷಯ ಸಾರ್?" ಎಂದರು ಆರಾಧ್ಯರು.

"ಹಾಳಾದ್ರೆ ನಾವು ಯಾರಿಗೆ ಫೋನ್ ಮಾಡುದು?"

"ಯಾರಿಗ್ ಬೇಕಾದ್ರೂ ಮಾಡಿ. ನಮ್ಮಲ್ಲಿ ಎಲ್ರೂ ರಿಪೇರಿ ಮಾಡ್ತೀವಿ."

"ಎಲ್ಲರೂ ಅಂದ್ರೆ ಯಾರೂ ಇಲ್ಲ ಅಂತಲೇ ಅರ್ಥ ಮಾರಾಯ್ರೆ. ನನ್ನ ಫಾರಮಿನಲ್ಲಿ ಒಂದೇ ಗೆರೆ ಇರುದು. ಅದರಲ್ಲಿ ಒಂದೇ ಹೆಸರು ಹಿಡಿಸ್ತದೆ. ಆ ಜನ ನನ್ನ ಮೂರು ಪ್ರಶ್ನೆಗೆ ಉತ್ತರ ಹೇಳ್ಬೇಕು, ಮತ್ತೆ ಹತ್ತು ವರ್ಷ ಬೀದಿ ಬಿಟ್ಟು ಹೋಗ್ಲಿಕ್ಕಿಲ್ಲ."

ಆರಾಧ್ಯರು ಎದೆಯುಬ್ಬಿಸಿ ಮೊದಲ ಪ್ರಶ್ನೆ ಕೇಳಿ ಎಂದರು. ಸಾಲ್ಡಾನ ಕೇಳಿದರು. ಆರಾಧ್ಯರು ಎದೆ ಇಳಿಸಿ ಚಂಪಕಳನ್ನು ಕರೆಸಿದರು. ಅವಳು ಬಾವಿಕಟ್ಟೆಯಿಂದ ನಿಧಾನವಾಗಿ ಬಂದು, ನಿಂತಲ್ಲೇ ಮೂರಕ್ಕೂ ಉತ್ತರ ಹೇಳಿ, ನಾಲ್ಕನೆಯದೊಂದನ್ನು ತಾನೇ ಕೇಳಿದಳು. ಸಾಲ್ಡಾನ ಅವಳ ಹೆಸರು ಕೇಳಿದರು. ಫಾರಮಿನ ಗೆರೆಯ ಮೇಲೆ ಅವರ ಪೆನ್ನು ಆಗಲೇ ಇಳಿದಿತ್ತು. ಷರತ್ತು ಪೂರ್ತಿ ಕೇಳಿಸಿಕೊಂಡ ಮೇಲೆ ಚಂಪಕ ಹೊಟ್ಟೆಯ ಮೇಲೆ ಕೈಯಿಟ್ಟು, "ಎರಡು ತಿಂಗಳು ತಡೀರಿ ಸಾರ್. ಇದು ಹೊರಗೆ ಬರ್ಲಿ, ಆಮೇಲೆ ಮಾತಾಡೋಣ," ಎಂದಳು.

"ಈ ತಿಂಗಳ ಕೊನೆಗೆ ನಮ್ಮ ಮೂರು ತಿಂಗಳ ಲೆಕ್ಕದ ಕ್ವಾರ್ಟರ್ ಮುಗಿತದಲ್ಲ."

"ಕ್ವಾರ್ಟರ್‌ನ ಎರಡು ತಿಂಗಳು ಮುಂದಕ್ಕೆ ಹಾಕಿ."

ಸಾಲ್ಡಾನ ಜೀವಮಾನದಲ್ಲಿ ಅಂಥ ಮಾತು ಕೇಳಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಕೆಟ್ಟ ಮನುಷ್ಯನಲ್ಲ, ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದರು. ನಾಲ್ಕು ದಿನಕ್ಕೆ ಉತ್ತರ ಬಂತು. ಬಸುರನ್ನು ಕಂಪನಿ ಗಮನಿಸಿದೆ. ಅದನ್ನು ತಿಳಿದಿರುವ ತೊಂದರೆಗಳ ಪುಟದಲ್ಲಿ ಏಳನೆಯದಾಗಿ ನಮೂದಿಸಲಾಗುವುದು. ಅದರಿಂದ ತಂತ್ರಾಂಶದ ಬಳಕೆಗೆ ಅಡ್ಡಿಯಿಲ್ಲ. ನಲವತ್ತು ವರ್ಷ ಬಗೆಬಗೆಯ ಕರಡು ಓದಿದವಳು ನಾನು. ಅಷ್ಟು ತಪ್ಪಿಲ್ಲದ ವಾಕ್ಯ, ಅಷ್ಟು ಲಜ್ಜೆಗೆಟ್ಟ ವಾಕ್ಯ ಒಟ್ಟಿಗೆ ಕಂಡದ್ದು ಅದೇ ಮೊದಲು.

ಚಂಪಕ ಒಪ್ಪಂದದ ಕಾಗದ ತಂದು ನನ್ನ ಮುಂದೆ ಇಟ್ಟಳು. "ಎಲ್ಲಾದ್ರೂ ಸಂದಿ ಇದೆಯಾ ನೋಡಿ ದೊಡ್ಡಮ್ಮ." ಕನ್ನಡಕ ಒರೆಸಿಕೊಂಡು ಹನ್ನೆರಡು ಪುಟ ಎರಡು ಸಲ ಓದಿದೆ. ಸಂದಿ ಇರಲಿಲ್ಲ. ಒಪ್ಪಂದದ ದಿನ ಜವಾಬುದಾರರಲ್ಲಿ ಯಾವುದು ಹೇಗಿದೆಯೋ ಅದು ಅವಧಿ ಮುಗಿಯುವವರೆಗೆ ಹಾಗೆಯೇ ಎಂದಿತ್ತು. ಅಂದರೆ ಹತ್ತು ವರ್ಷವೂ ಅವಳು ಏಳೇ ತಿಂಗಳ ಬಸುರಿ. ಅಷ್ಟು ವರ್ಷ ಒಳಗೇ ಒದೆಯುತ್ತಿರುವ ಕೂಸು. ಹೇಳಿದೆ. ಅವಳು ಕಾಗದ ಮಡಿಚಿ ಎದ್ದಳು.

ಬೀದಿಯವರಿಗೆ ಮಾತ್ರ ಅನ್ನುವುದು ಬಹಳವಿತ್ತು. ಹತ್ತು ವರ್ಷ ಎಂದರೆ ಎಷ್ಟು, ಕಣ್ಣು ಮುಚ್ಚಿ ತೆರೆದರೆ ಆಯಿತು ಎಂದವರು ಒಬ್ಬರು. ಹೊರಗೆ ಬಂದು ಆಗಬೇಕಾದ್ದೇನು, ಒಳಗೆ ಬೆಚ್ಚಗಿರುತ್ತದೆ, ಶೀತವಿಲ್ಲ, ಕೆಮ್ಮಿಲ್ಲ ಎಂದವರು ಇನ್ನೊಬ್ಬರು. ಆರಾಧ್ಯರಂತೂ, "ಮೂರು ಸಲ ಹೋಗಿದೆ ಕಣಮ್ಮಾ. ಈ ಸಲ ಹೋಗೋ ಮಾತೇ ಇಲ್ಲ, ಹತ್ತು ವರ್ಷ ಗ್ಯಾರಂಟಿ," ಎಂದು ಅವಳ ಮುಖಕ್ಕೇ ಹೇಳಿದರು. ಹೇಳಿ, ತಮ್ಮ ಮಾತು ತಮಗೇ ಹಿಡಿಸಿದವರಂತೆ ಸುತ್ತ ನೋಡಿದರು. ಮರಿಸ್ವಾಮಿ ಹೆಂಡತಿಯ ಮುಂದೆ ಏನೂ ಹೇಳುತ್ತಿರಲಿಲ್ಲ. ಹಿತ್ತಲಿನಲ್ಲಿ ನನ್ನ ಹತ್ತಿರ ಬಂದು, "ಯಂತ್ರ ಕೆಟ್ಟಾಗೆಲ್ಲ ಕಂಪನಿಯೋರು ಫೋನಿಟ್ಬಿಡ್ತಾರೆ ಕಾಮಾಕ್ಷಮ್ನೋರೆ. ಡಾಕ್ಟ್ರು ನನಗೆ ಬಯ್ತಾರೆ. ನೀವೊಂಚೂರು ಅವಳಿಗೆ ಹೇಳಿ," ಎಂದ. ಯಂತ್ರ ಕೆಟ್ಟಾಗೆಲ್ಲ ಅದನ್ನು ಸರಿ ಮಾಡುತ್ತಿದ್ದವಳು ಯಾರೆಂದು ಕೇಳಿದೆ. ಅವನು ತುಳಸಿಗಿಡ ನೋಡಿದ.

ಅವನ ತಾಯಿ ಪುಟ್ಟತಾಯಮ್ಮನ ಮಾತು ಬೇರೆ. ಆಕೆಯ ಕಾಲು ಊದಿಕೊಂಡು ಗುಂಡಿಗೆ ಸೋತಿತ್ತು. ಡಾಕ್ಟರು ಒಂದು ವರ್ಷವೆಂದಿದ್ದರು. "ಬೀದಿ ಪಟ್ಟಿಗೆ ಸೇರಿದ್ರೆ ನಂಗೆ ಹತ್ತು ವರ್ಷ ಸಿಕ್ಕತ್ತೆ. ಹಿಂಗೇ ಕಾಲು ಊದ್ಕೊಂಡು ಕೂತಿರ್ತೀನಿ, ಸರಿ. ಆದ್ರೂ ಕೂತಿರ್ತೀನಲ್ಲ. ನಂಗೂ ಇರೋ ಆಸೆ ಇರಲ್ವೇನೇ ಕಾಮಾಕ್ಷಿ?" ಎಂದಳು. ಬೀದಿಯಲ್ಲಿ ಸುಳ್ಳು ಬೆರೆಸದೆ ಮಾತಾಡಿದವಳು ಆಕೆ ಒಬ್ಬಳೇ. ತಪ್ಪು ಹುಡುಕುವುದೇ ಕಸುಬಾದ ನನಗೂ ಅದರಲ್ಲಿ ತಪ್ಪು ಸಿಕ್ಕಲಿಲ್ಲ. ನನಗೇನು ಆಸೆ ಹುಟ್ಟಲಿಲ್ಲವೆಂದಲ್ಲ. ಅರವತ್ತೆಂಟು ಹಾಗೆಯೇ ನಿಲ್ಲುವುದಾದರೆ ಯಾರಿಗೆ ಬೇಡ? ಆದರೆ ಮೊಣಕಾಲಿನ ನೋವೂ ನಿಲ್ಲುತ್ತದೆ, ಓದುತ್ತಿದ್ದ ಪತ್ರಿಕೆಯ ಅದೇ ಸಂಚಿಕೆಯೂ. ಅದಕ್ಕಿಂತ ಹೆಚ್ಚಾಗಿ, ಬದಲಾಗದ ಬೀದಿಯಲ್ಲಿ ಬದಲಾವಣೆಯ ಪುಸ್ತಕ ಬರೆಯುವವಳು ಏನು ಮಾಡಬೇಕು?

ಈ ಗಲಾಟೆಯ ನಡುವೆ ಚಂಪಕ ಸುಮ್ಮನೆ ತನ್ನ ಕೆಲಸ ಮಾಡುತ್ತಿದ್ದಳು. ಸಿಸ್ಟಮ್ಮಿನಲ್ಲಿ ಒಂದು ಹಳೆಯ ದೋಷವಿತ್ತು. ಬೀದಿಯಲ್ಲಿ ಯಾರು ಸೀನಿದರೂ ಆರರಿಂದ ಹದಿನಾಲ್ಕನೆಯ ನಂಬರಿನವರೆಗಿನ ಮನೆಗಳ ಬಾಗಿಲು ತಾವಾಗಿ ತೆರೆದುಕೊಳ್ಳುತ್ತಿದ್ದವು. ಅದನ್ನು ತಿದ್ದಲು ಹತ್ತು ದಿನ ಬೇಕು ಎಂದಳು. ಆರಾಧ್ಯರು ಬಿಡಲಿಲ್ಲ. ಒಪ್ಪಂದಕ್ಕೆ ಮುಂಚಿನ ತಿಂಗಳು ಹೊಸದಾಗಿ ಏನನ್ನೂ ಮುಟ್ಟಕೂಡದೆಂದು ಕಂಪನಿ ಹೇಳಿದೆಯಂತೆ. "ಸೀನು ಯಾವಾಗಲೋ ಒಂದ್ಸಲ ಬರತ್ತೆ, ಬಿಡಮ್ಮ," ಎಂದರು.

ತಿಂಗಳ ಕೊನೆಗೆ ಎಂಟು ದಿನವಿರುವಾಗ ಬೀದಿಯವರೆಲ್ಲ ಸೇರಿ ಚಂಪಕಳಿಗೆ ಸೀಮಂತ ಇಟ್ಟುಕೊಂಡರು. ಇಷ್ಟು ದಿನ ಅವಳ ಬಸುರಿನ ಬಗ್ಗೆ ತಕರಾರೆತ್ತಿದವರೇ ಚಪ್ಪರ ಹಾಕಿಸಿದರು. ನನಗೆ ಆಗಲೇ ವಾಸನೆ ಬಡಿಯಬೇಕಿತ್ತು. ಹಸಿರು ಬಳೆ ತೊಡಿಸಿದರು, ಹೂ ಮುಡಿಸಿದರು, ಆರತಿ ಎತ್ತಿದರು. ಸಾಲ್ಡಾನ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಚಿರೋಟಿ ತಿನ್ನುತ್ತಿದ್ದರು. ಮಡಿಲು ತುಂಬುವ ಹೊತ್ತು ಬಂತು. ಅಕ್ಕಿ, ಕೊಬ್ಬರಿ, ಅಡಿಕೆ, ಅರಿಸಿನದ ಕೊಂಬು ಒಂದೊಂದಾಗಿ ಅವಳ ಸೆರಗಿಗೆ ಬಿದ್ದವು. ಕೊನೆಯಲ್ಲಿ ಆರಾಧ್ಯರ ಹೆಂಡತಿ ಮುಂದೆ ಬಂದು ಅರಿಸಿನ ಹಚ್ಚಿದ ಒಂದು ಕಾಗದದ ಸುರುಳಿಯನ್ನೂ ಒಂದು ಪೆನ್ನನ್ನೂ ಮಡಿಲಿಗೆ ಹಾಕಿದಳು. ಅದು ಕಂಪನಿಯ ಫಾರಂ. ಮಡಿಲಿಗೆ ಬಿದ್ದದ್ದನ್ನು ಬೇಡ ಅನ್ನಕೂಡದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಈ ಉಪಾಯ ಹೊಳೆದವರ ಮುಖ ನೋಡಬೇಕಿತ್ತು, ಚಪ್ಪರದ ಕಂಬಕ್ಕೆ ಒರಗಿ ಶಾಲು ಸರಿಪಡಿಸಿಕೊಳ್ಳುತ್ತಿದ್ದರು.

ಚಂಪಕ ಸುರುಳಿಯನ್ನು ನೋಡಿದಳು, ನೆರೆದವರನ್ನು ನೋಡಿದಳು. ಆಮೇಲೆ ಸೆರಗಿನ ತುದಿಗಳನ್ನು ಒಟ್ಟು ಮಾಡಿ, ಅಕ್ಕಿ, ಕೊಬ್ಬರಿ, ಫಾರಂ, ಪೆನ್ನು ಎಲ್ಲವನ್ನೂ ಸೇರಿಸಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಸಹಿ ಮಾಡಮ್ಮಾ," ಎಂದರು ಆರಾಧ್ಯರು.

"ಮಡಿಲಿಗೆ ಹಾಕಿದ್ದನ್ನ ಬೇಡ ಅನ್ನಬಾರ್ದು ಅಂತಾರೆ. ನಾನು ಬೇಡ ಅಂದ್ನಾ? ತಗೊಂಡಿದೀನಿ. ಅಕ್ಕಿಗೂ ಸಹಿ ಮಾಡಿಲ್ಲ, ಇದಕ್ಕೂ ಮಾಡಲ್ಲ." ಮರಿಸ್ವಾಮಿಯ ಕಡೆ ತಿರುಗಿದಳು. "ಸೀಮಂತ ಆದ್ಮೇಲೆ ಹೆಣ್ಣು ತವರಿಗೆ ಹೋಗೋದು ಪದ್ಧತಿ. ಹೋಗ್ತಿದೀನಿ. ಬರ್ತೀರಾ?"

"ತವರಾ? ನಿಂಗ್ಯಾವ ತವರೇ?" ಎಂದಳು ಪುಟ್ಟತಾಯಮ್ಮ ಕೂತಲ್ಲಿಂದಲೇ.

"ಸುಂಕದ ಕಟ್ಟೆ. ಅಲ್ಲಿ ಒಂದು ಬಾಗಿಲಿದೆ, ಒಂದು ದೀಪ ಇದೆ, ಒಂದು ನಲ್ಲಿ ಇದೆ. ನಕಲು ತೆಗ್ದಾಗಿದೆ." ಕುತ್ತಿಗೆಯ ದಾರದಲ್ಲಿ ತಾಳಿಯ ಪಕ್ಕ ಒಂದು ಪೆನ್‌ಡ್ರೈವ್ ತೂಗುತ್ತಿತ್ತು. "ಕಲ್ಲಿನ ಮೇಲೆ ಬರ್ದಿರೋದು ಎಲ್ರಿಗೂ ಓದೋಕೆ ಬರತ್ತಲ್ಲ."

ಯಾರೂ ತಡೆಯಲಿಲ್ಲ. ಕಲ್ಲಿನ ಮಾತನ್ನು ಮೀರುವಷ್ಟು ಧೈರ್ಯ ನಮ್ಮ ಬೀದಿಯವರಿಗೆ ಯಾವತ್ತೂ ಇರಲಿಲ್ಲ. ಸೀಮಂತದ ಹರಕು ಉಪಾಯ ಮಾಡುವಷ್ಟಿತ್ತು, ಅಷ್ಟೇ. ಮರಿಸ್ವಾಮಿ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಎಂದಿನಂತೆ ತುಳಸಿಗಿಡ ಹುಡುಕಿದ. ಚಪ್ಪರದಲ್ಲಿ ಅದೂ ಇರಲಿಲ್ಲ. "ನೀ ಹೋಗಿರು. ಅಮ್ಮ ಒಬ್ಬಳೇ ಆಗ್ತಾಳೆ," ಎಂದ. ತವರಿನ ಕಡೆಯಿಂದ ಕರೆದೊಯ್ಯಲು ಒಬ್ಬರಾದರೂ ಬೇಕಲ್ಲ ಎಂದು ನಾನು ಬದಲಾವಣೆಯ ಪುಸ್ತಕ ಬಗಲಲ್ಲಿಟ್ಟುಕೊಂಡು ಅವಳ ಹಿಂದೆ ಹೊರಟೆ. ಮೊಣಕಾಲು ಹೆಜ್ಜೆಹೆಜ್ಜೆಗೂ ಬಯ್ಯುತ್ತಿತ್ತು.

ಸುಂಕದ ಕಟ್ಟೆ ಎಂದರೆ ಊರಾಚೆ, ಹಿಂದೆ ಗಾಡಿಗಳಿಗೆ ಸುಂಕ ವಸೂಲಿ ಮಾಡುತ್ತಿದ್ದ ಒಂದೇ ಕೋಣೆಯ ಕಟ್ಟಡ. ಚಂಪಕ ಗೋಡೆಗೆ ಒರಗಿ ಕೂತು ಒಂದು ಮಧ್ಯಾಹ್ನದಲ್ಲಿ ಸಿಸ್ಟಂ ಇಳಿಸಿದಳು. ಸೀನಿನ ದೋಷವನ್ನು ಮೊದಲು ತಿದ್ದಿದಳು, ಹತ್ತು ದಿನವಲ್ಲ, ಆರೇ ದಿನ ಹಿಡಿಯಿತು. ಪುಸ್ತಕದಲ್ಲಿ ಹೊಸ ಪುಟ ಹಾಕಿ ಅದನ್ನು ಬರೆದೆ.

ಅತ್ತ ಸಾಲ್ಡಾನರ ಕ್ವಾರ್ಟರ್ ಮುಗಿಯಲು ಒಂದು ದಿನ ಉಳಿದಿತ್ತು. ಗಾಣದ ಬೀದಿಯವರು ಒಳಗೊಳಗೇ ಜಗಳವಾಡಿ ಅದೇ ವಾರ ಎರಡು ಬೀದಿಯಾಗಿದ್ದರು. ಬೇರೆ ದಾರಿ ಕಾಣದೆ ಸಾಲ್ಡಾನ ಹೊಸ ಫಾರಂ ತಂದರು, ಜವಾಬುದಾರರ ಗೆರೆಯಲ್ಲಿ ಆರಾಧ್ಯರ ಹೆಸರು ಬರೆದರು. ಮೂರು ಪ್ರಶ್ನೆಗಳು ಒಂದಕ್ಕಿಳಿದಿದ್ದವು: ನಿಮ್ಮ ಹೆಸರೇನು? ಆರಾಧ್ಯರು ಸರಿಯಾದ ಉತ್ತರ ಕೊಟ್ಟರಂತೆ. ಮುಹೂರ್ತ ಬೆಳಿಗ್ಗೆ ಒಂಬತ್ತೂಕಾಲಿಗೆ. ನೋಡಲೆಂದು ನಾನು ಬೀದಿಯ ಬಾಯಿಯ ತನಕ ಹೋಗಿದ್ದೆ, ಬೀದಿಯ ಗಡಿಯಿಂದ ಆಚೆಗೇ ನಿಂತಿದ್ದೆ. ಜನ ಹೊಸ ಬಟ್ಟೆಯಲ್ಲಿದ್ದರು. ಫಲಕದ ಮೇಲಿನ ಬಟ್ಟೆ ಎಳೆದರು, ಆರಾಧ್ಯರು ಸಹಿ ಹಾಕಿದರು. ಹಿಂದಿನ ದಿನ ಅವರಿಗೆ ನೆಗಡಿ ಹಿಡಿದಿತ್ತು. ಪೆನ್ನು ಕೆಳಗಿಟ್ಟು ಮೊದಲ ಕೆಲಸವಾಗಿ ಸೀನಿದರು, ಆರರಿಂದ ಹದಿನಾಲ್ಕನೆಯ ನಂಬರಿನವರೆಗೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಹತ್ತು ವರ್ಷದ ನೆಗಡಿ ಅದು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು ಹಿಂತಿರುಗಿದೆ.

ಚಂಪಕ ದಿನ ತುಂಬಿ, ಬೆಳಗಿನ ಹನ್ನೊಂದು ಗಂಟೆಗೆ ಹೆತ್ತಳು. ಎಣ್ಣೆ ಹಚ್ಚಿದ ತೋಳಿನ, ಒರಟು ಮಾತಿನ ಸೂಲಗಿತ್ತಿಯೊಬ್ಬಳು ಒಡೆದ ಗಾಣದ ಬೀದಿಯ ಒಂದು ಭಾಗದಿಂದ ಬಂದಿದ್ದಳು. ಹೆಣ್ಣು ಮಗು. ಹುಟ್ಟಿದ ಕೂಡಲೇ ಅತ್ತಿತು. ಹನ್ನೆರಡು ಪುಟದ ಒಪ್ಪಂದಕ್ಕೆ ನಾನು ಹೇಳಬೇಕೆಂದಿದ್ದನ್ನೆಲ್ಲ ಅದೇ ಹೇಳಿತು. ಚಂಪಕ ಅದರ ಉಗುರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಆಗಲೇ ಇಷ್ಟುದ್ದ ಬೆಳ್ದಿವೆ ದೊಡ್ಡಮ್ಮ," ಎಂದು ಅಳಲು ತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಗುವಿಗೆ ಎರಡು ತಿಂಗಳಾದಾಗ ಸಾಲ್ಡಾನ ಸ್ಕೂಟರ್ ನಿಲ್ಲಿಸಿ ಬಾಗಿಲಲ್ಲಿ ನಿಂತರು. ಬಾವಿ ಬೀದಿಯಲ್ಲಿ ದಿನಕ್ಕೆ ನಲವತ್ತು ಸಲ ಬಾಗಿಲು ತೆರೆಯುತ್ತಿದೆ, ಎಮ್ಮೆಗಳು ಒಳಗೆ ನುಗ್ಗುತ್ತಿವೆ, ಆಸ್ಪತ್ರೆಯಲ್ಲಿ ಪರೀಕ್ಷೆಗೆ ಬಂದವರು ಮರ್ಯಾದೆ ಕಳೆದುಕೊಳ್ಳುತ್ತಿದ್ದಾರೆ. ಫೋನ್ ಮಾಡಿದರೆ ಆರಾಧ್ಯರು ಎತ್ತುತ್ತಾರೆ, ಹಲೋ ಎನ್ನುವ ಮೊದಲು ಸೀನುತ್ತಾರೆ.

"ಒಮ್ಮೆ ಬಂದು ಸರಿ ಮಾಡಿ ಕೊಡ್ಲಿಕ್ಕೆ ಆಗ್ತದಾ ನೋಡಿ ಮಾರಾಯ್ತಿ."

"ಏನೂ ಬದಲಾಯಿಸಬಾರ್ದು ಅಂತ ನೀವೇ ಬರ್ಸಿದೀರಲ್ಲ ಸಾರ್."

"ಹೌದಲ್ಲ. ಬದಲಾಯಿಸದೆ ಸರಿ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳುದು."

ಚಂಪಕ ಮಗುವನ್ನು ಹೆಗಲಿನಿಂದ ಹೆಗಲಿಗೆ ಹಾಕಿಕೊಂಡಳು. ಸಾಲ್ಡಾನ ಕೋಣೆಯ ಸುತ್ತ ಕಣ್ಣಾಡಿಸಿ, ಇಲ್ಲಿ ಬಾಗಿಲು ಸರಿಯಾಗಿ ನಡೆಯುತ್ತದಾ ಎಂದು ವಿಚಾರಿಸಿದರು. ನಡೆಯುತ್ತದೆ ಎಂದೆ. ಎಷ್ಟು ಬಾಗಿಲು? ಒಂದು. ಬಳಸುವವರು? ಮೂವರು, ಒಬ್ಬಳಿಗೆ ಇನ್ನೂ ಕತ್ತು ನಿಂತಿಲ್ಲ. ಚೀಲದಿಂದ ಪುಸ್ತಕ ತೆಗೆದು ಬರೆದುಕೊಂಡು, ಬಹಳ ಸಣ್ಣದಾಯಿತು, ಮೇಲಿನವರು ಒಪ್ಪಲಿಕ್ಕಿಲ್ಲ ಎಂದು ನಿಜವಾದ ಬೇಸರದಿಂದ ಹೇಳಿದರು. ನಾವು ಕೇಳಿಯೇ ಇರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ.

ಮರಿಸ್ವಾಮಿ ಭಾನುವಾರ ಬರುತ್ತಿದ್ದ. ಮಗು ಹುಟ್ಟಿದ ಮೊದಲ ಭಾನುವಾರ ಬಂದಾಗ ಗದ್ದದ ಮೇಲೆ ಹಸಿ ಗಾಯವಿತ್ತು. ಮುಹೂರ್ತದ ಬೆಳಿಗ್ಗೆ ಅವಸರದಲ್ಲಿ ಗಡ್ಡ ಹೆರೆಯುವಾಗ ಬ್ಲೇಡು ತಗುಲಿದ್ದು. ಆ ಬೀದಿಯಲ್ಲಿ ಅದು ಒಣಗುವಂತಿರಲಿಲ್ಲ. ಪತ್ರಿಕೆಯ ಚೂರೊಂದನ್ನು ಅದಕ್ಕೆ ಒತ್ತಿಕೊಂಡು ಕೂತ. ಮಗುವನ್ನು ಎತ್ತಿಕೊಳ್ಳಲು ಕೊಟ್ಟರೆ ಅಂಗಿಗೆ ರಕ್ತವಾದೀತು ಎಂದ. ಒಂದೂವರೆ ಗಂಟೆ ಇದ್ದು, ಅಮ್ಮ ಒಬ್ಬಳೇ ಇದ್ದಾಳೆ ಎಂದು ಎದ್ದು ಹೋದ. ಮುಂದಿನ ಭಾನುವಾರಗಳಲ್ಲೂ ಅಷ್ಟೇ ಹೊತ್ತು. ಆಸ್ಪತ್ರೆ, ಮನೆ ಎರಡೂ ಬೀದಿಯೊಳಗೇ. ಅವನು ಹೊರಗೆ ಬರುತ್ತಿದ್ದದ್ದು ಇಲ್ಲಿಗೆ ಮಾತ್ರ.

ಮಗು ಬೋರಲು ಬಿತ್ತು. ಅವನ ಗದ್ದದ ಮೇಲಿನ ರಕ್ತ ಹೆಪ್ಪುಗಟ್ಟಿತು. ಅದು ಅಂಬೆಗಾಲಿಡುವ ಹೊತ್ತಿಗೆ ಗಾಯಕ್ಕೆ ಹಕ್ಕಳೆ ಕಟ್ಟಿತು. ಹಲ್ಲು ಬಂತು, ಗೋಡೆ ಹಿಡಿದು ನಿಂತಿತು. ಹಕ್ಕಳೆಯ ಅಂಚು ಎದ್ದು ತುರಿಸತೊಡಗಿತು. ಒಂದು ಭಾನುವಾರವೂ ಅವನು ತಪ್ಪಿಸಲಿಲ್ಲ, ಅದನ್ನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ. ವರ್ಷ ತುಂಬಿದ ದಿನ ಬೆಲ್ಲದ ಪಾಯಸ ಮಾಡಿದ್ದೆವು. ಮಗು ತಾನಾಗಿ ನಾಲ್ಕು ಹೆಜ್ಜೆ ನಡೆದು ಹೋಗಿ ಅವನ ಮುಖ ಹಿಡಿಯಿತು, ಪುಟ್ಟ ಬೆರಳಿಗೆ ಸಿಕ್ಕಿ ಹಕ್ಕಳೆ ಕಳಚಿ ಬಿತ್ತು. ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ. "ನೋಡೇ ಚಂಪಕ, ವಾಸಿಯಾಯ್ತು," ಎಂದು ಗದ್ದ ಎತ್ತಿ ತೋರಿಸಿದ, ಬಹಳ ಸಂತೋಷದಿಂದ. ಅವಳು ನೋಡಲಿಲ್ಲ, ಮಗುವಿನ ಬೆರಳು ಒರೆಸುತ್ತಿದ್ದಳು.

ಬ್ಲೇಡಿನ ಗಾಯ ಮಾಯಲು ಎಷ್ಟು ಹೊತ್ತು ಬೇಕೆಂದು ಗೊತ್ತಿದ್ದರಿಂದ ಅವತ್ತು ಪುಸ್ತಕದಲ್ಲಿ ಒಂದೇ ಸಾಲು ಬರೆದೆ: ಮಗುವಿಗೆ ಒಂದು ವರ್ಷ ತುಂಬಿತು, ಅದರ ತಂದೆಗೆ ತಂದೆಯಾಗಿ ಮೂರು ದಿನ.